ಮೂಗರ್ಜಿ, ಮಾತಾಡೋ ಕಲ್ಲು, ಬಾಯಿ ತೆರೆದ ಸಿಂಹ

ಮೊದಲನೇ ಫೋಟೋ ಸ್ವಲ್ಪ ಝೂಮ್ ಮಾಡಿ ನೋಡಿ. ಕೈಗಳಿಲ್ಲ, ಮೂಗು ಸವೆದು ಹೋಗಿದೆ, ಮುಖ ಯಾರದು ಅಂತ ಗುರುತು ಹಿಡಿಯೋಕೂ ಕಷ್ಟ. ರೋಮ್ ನಗರದ ಪಿಯಾಜಾ ನವೋನಾ ಅನ್ನೋ ಚೌಕದ ಪಕ್ಕದಲ್ಲಿ ನಿಂತಿರೋ ಈ ಕಲ್ಲಿನ ಹೆಸರು ಪಾಸ್ಕ್ವಿನೋ. ಐನೂರು ವರ್ಷಗಳಿಂದ ಆ ಊರಿನ ಜನ ಇದರ ಮೇಲೆ ಗೇಲಿ, ಬೈಗುಳ, ಪದ್ಯ ಎಲ್ಲಾ ಬರೆದು ಅಂಟಿಸಿಕೊಂಡು ಬಂದಿದ್ದಾರೆ. ಕೆಳಗೆ ಹೆಸರಿಲ್ಲ, ಸಹಿಯಿಲ್ಲ. ಬೈಸಿಕೊಂಡವರಂತೂ ಸಾಮಾನ್ಯರಲ್ಲ. ಪೋಪ್‌ಗಳು, ಕಾರ್ಡಿನಲ್‌ಗಳು, ದೊಡ್ಡ ದೊಡ್ಡ ಮನೆತನದವರು.

ನಮ್ಮ ಸರ್ಕಾರಿ ಆಫೀಸುಗಳಲ್ಲಿ ಸಹಿ ಇಲ್ಲದೆ ಬರೋ ದೂರಿಗೆ ಮೂಗರ್ಜಿ ಅಂತಾರಲ್ಲ, ಆ ಪದ ಈ ಕಲ್ಲಿಗೇ ಹೇಳಿ ಮಾಡಿಸಿದ ಹಾಗಿದೆ. ಹೆಸರು ಹೇಳದೆ ಬರೆಯೋರನ್ನ ಏನು ಮಾಡೋದು? ಬಾಯಿ ಮುಚ್ಚಿಸೋದಾ, ಕಿವಿ ಮುಚ್ಕೊಳ್ಳೋದಾ, ಇಲ್ಲಾ ಆರಿಸಿ ಕೇಳೋದಾ? ಇಟಲಿಯ ಎರಡು ಊರುಗಳು ಇದಕ್ಕೆ ಎರಡು ಬೇರೆ ದಾರಿ ಹಿಡಿದವು. ಇವತ್ತಿನ ಭಾಗ ಅದರದ್ದೇ.

ಮೊದಲು ರೋಮ್. 1501ರಲ್ಲಿ ಈ ಹಳೇ ಗ್ರೀಕ್ ಮಾದರಿಯ ಶಿಲ್ಪದ ತುಂಡನ್ನ ಒಲಿವಿಯೆರೋ ಕರಾಫಾ ಅನ್ನೋ ಕಾರ್ಡಿನಲ್ ತನ್ನ ಮನೆಯ ಮೂಲೆಯಲ್ಲಿ ನಿಲ್ಲಿಸಿದ. ಪ್ರತಿವರ್ಷ ಏಪ್ರಿಲ್ 25ಕ್ಕೆ, ಸಂತ ಮಾರ್ಕನ ಹಬ್ಬದ ದಿನ, ಇದಕ್ಕೆ ಯಾವುದೋ ಪುರಾಣದ ದೇವತೆಯ ವೇಷ ಹಾಕೋರು. ವಿದ್ಯಾರ್ಥಿಗಳು, ಪಂಡಿತರು ಲ್ಯಾಟಿನ್‌ನಲ್ಲಿ ಪದ್ಯ ಬರೆದು ಅಂಟಿಸೋರು. 1509ರಿಂದ ಆ ಪದ್ಯಗಳನ್ನ ಆರಿಸಿ ಪುಸ್ತಕ ಮಾಡಿ ಅಚ್ಚು ಹಾಕಿಸೋಕೂ ಶುರುವಾಯ್ತು. ಅಂದ್ರೆ ಶುರುವಿನಲ್ಲಿ ಇದು ನಮ್ಮ ಕಾಲೇಜಿನ ಭಿತ್ತಿಪತ್ರಿಕೆ ಥರ. ಯಾರೋ ಮೇಷ್ಟ್ರು ಕಣ್ಣಾಡಿಸಿ ಒಪ್ಪಿದ ತುಂಟತನ.

ಆದ್ರೆ ಕಲ್ಲು ಬೀದಿಯಲ್ಲಿತ್ತು ನೋಡಿ. ಹಬ್ಬದ ದಿನ ಬಿಟ್ಟು ಬೇರೆ ದಿನ, ಅದೂ ರಾತ್ರಿ ಹೊತ್ತು, ಮೇಷ್ಟ್ರು ಒಪ್ಪದ ಚೀಟಿಗಳೂ ಬರತೊಡಗಿದವು. ಲ್ಯಾಟಿನ್ ಹೋಗಿ ಜನರ ಆಡುಮಾತು ಬಂತು. 1521ರ ಕೊನೆಯಲ್ಲಿ ಹೊಸ ಪೋಪ್ ಆಯ್ಕೆ ನಡೀತಿದ್ದಾಗ ಪಿಯೆತ್ರೋ ಅರೆತಿನೋ ಅನ್ನೋ ಬರಹಗಾರ ಪಾಸ್ಕ್ವಿನೋ ಹೆಸರಲ್ಲಿ ಒಬ್ಬೊಬ್ಬ ಕಾರ್ಡಿನಲ್‌ನ ಮಾನವನ್ನೂ ಹರಾಜು ಹಾಕಿದ. ಕೊನೆಗೆ ಆಯ್ಕೆಯಾಗಿದ್ದು ರೋಮ್‌ಗೆ ಹೊರಗಿನವನಾದ ಡಚ್ ಮನುಷ್ಯ, ಆರನೇ ಏಡ್ರಿಯನ್. ಅವನಿಗೆ ಈ ಊರಿನ ತಮಾಷೆ ಒಂಚೂರೂ ಹಿಡಿಸಲಿಲ್ಲ. ಕಲ್ಲನ್ನೇ ಕಿತ್ತು ಟೈಬರ್ ನದಿಗೆ ಎಸೀರಿ ಅಂದನಂತೆ. ಆಗ ಸ್ಪೇನ್‌ನ ರಾಯಭಾರಿ ಒಂದು ಮಾತು ಹೇಳಿದ ಅಂತ ಆ ಕಾಲದ ಇತಿಹಾಸಕಾರ ಪಾವ್ಲೋ ಜೋವಿಯೋ ಬರೆದಿದ್ದಾನೆ. ಅದರ ಸಾರ ಇಷ್ಟು: ನೀರಿಗೆ ಹಾಕಿದ್ರೆ ತಳದಲ್ಲಿ ಕೂತು ಕಪ್ಪೆ ಥರ ವಟಗುಟ್ಟುತ್ತೆ ಸ್ವಾಮಿ, ಬೇಡ ಬಿಡಿ. ಪೋಪ್ ಕೈಬಿಟ್ಟ. (ಇಂಥ ಒಬ್ಬ ಸಲಹೆಗಾರ ಎಲ್ಲಾ ಅಧಿಕಾರಸ್ಥರ ಪಕ್ಕದಲ್ಲೂ ಇರಬೇಕು ಅನ್ಸುತ್ತೆ ನನಗೆ.)

ಮುಂದಿನವರು ಇಷ್ಟು ಸುಲಭದಲ್ಲಿ ಬಿಡಲಿಲ್ಲ. ಐದನೇ ಪಯಸ್ ಪೋಪ್ ಆಗಿದ್ದಾಗ, 1570ರಲ್ಲಿ, ನಿಕೊಲೋ ಫ್ರಾಂಕೋ ಅನ್ನೋ ಕವಿಯನ್ನ ರೋಮ್‌ನಲ್ಲಿ ನೇಣಿಗೆ ಹಾಕಿದರು. ಅವನ ಮೇಲಿದ್ದ ಅಪವಾದ, ತೀರಿಹೋಗಿದ್ದ ಹಿಂದಿನ ಪೋಪ್ ಬಗ್ಗೆಯೂ ಅವನ ಮನೆಯವರ ಬಗ್ಗೆಯೂ ನಿಂದೆ ಬರೆದಿದ್ದು. ವಿಚಿತ್ರ ಅಂದ್ರೆ ಈ ಫ್ರಾಂಕೋ ಒಂದು ಕಾಲಕ್ಕೆ ಅದೇ ಅರೆತಿನೋ ಹತ್ರ ಬರವಣಿಗೆ ಕೆಲಸಕ್ಕಿದ್ದವನು, ಆಮೇಲೆ ಜಗಳ ಆಡಿಕೊಂಡು ಬೇರೆಯಾದವನು. ಗುರು ಅಷ್ಟೊತ್ತಿಗಾಗಲೇ ರೋಮ್ ಬಿಟ್ಟು ವೆನಿಸ್ ಸೇರಿಕೊಂಡು, ಆರಾಮಾಗಿ ಬದುಕಿ ತೀರಿಕೊಂಡಿದ್ದ. ಶಿಷ್ಯನ ಕುತ್ತಿಗೆಗೆ ಹಗ್ಗ ಬಿತ್ತು.

ಐದನೇ ಸಿಕ್ಸ್ಟಸ್ ಬಗ್ಗೆ ಇನ್ನೊಂದು ಕತೆ ಬಹಳ ಪ್ರಚಾರದಲ್ಲಿದೆ. ಕತೆ ಅಂತಲೇ ಓದಿ. ಬಡತನದಿಂದ ಮೇಲೆ ಬಂದ ಪೋಪ್ ಇವನು. ಒಂದು ಬೆಳಗ್ಗೆ ಪಾಸ್ಕ್ವಿನೋ ಮೈಮೇಲೆ ಕೊಳಕು ಅಂಗಿ. ಯಾಕಪ್ಪಾ ಅಂದ್ರೆ, ಬಟ್ಟೆ ಒಗೀತಿದ್ದವಳು ಈಗ ರಾಜಕುಮಾರಿ ಆಗಿಬಿಟ್ಟಿದ್ದಾಳಲ್ಲ ಅನ್ನೋ ಅರ್ಥದ ಚೀಟಿ. ಚುಚ್ಚಿದ್ದು ಪೋಪ್‌ನ ತಂಗಿಗೆ. ಬರೆದವನು ತಾನಾಗಿ ಬಂದ್ರೆ ದುಡ್ಡೂ ಕೊಡ್ತೀನಿ, ಪ್ರಾಣವನ್ನೂ ಉಳಿಸ್ತೀನಿ ಅಂತ ಪೋಪ್ ಸಾರಿಸಿದ. ಪಾಪ, ಅವನು ನಂಬಿ ಬಂದ. ಪೋಪ್ ಮಾತಿಗೆ ತಪ್ಪಲಿಲ್ಲ, ದುಡ್ಡು ಕೊಟ್ಟ, ಪ್ರಾಣ ಉಳಿಸಿದ. ಕೈಗಳನ್ನ ಕತ್ತರಿಸಿ ನಾಲಿಗೆಗೆ ತೂತು ಹಾಕಿಸಿದ.

ಇಷ್ಟೆಲ್ಲಾ ಆದ ಮೇಲೆ ರೋಮ್ ಸುಮ್ಮನಾಯ್ತಾ? ಎಲ್ಲಿ! ಪಾಸ್ಕ್ವಿನೋ ಜೊತೆ ಊರಿನ ಬೇರೆ ಕಲ್ಲುಗಳೂ ಮಾತಾಡೋಕೆ ಶುರು ಮಾಡಿದವು. ಮೂರನೇ ಫೋಟೋದಲ್ಲಿ ಕಾಲು ಚಾಚಿ ಮಲಗಿರೋ ಗಡ್ಡದವನು ಮಾರ್ಫೋರಿಯೋ. ಅವನು ಪ್ರಶ್ನೆ ಕೇಳೋದು, ಪಾಸ್ಕ್ವಿನೋ ಉತ್ತರ ಕೊಡೋದು, ಹೀಗೆ ಎರಡು ಮೂಲೆಗಳ ಮಧ್ಯೆ ಹರಟೆ. ಮದಾಮಾ ಲುಕ್ರೇಜಿಯಾ ಅನ್ನೋ ಒಬ್ಬಳು ಹೆಣ್ಣು. ನೀರು ಹೊರೋ ಆಳು ಒಬ್ಬ, ಕೋತಿ ಮುಖದವನು ಅಂತ ಹೆಸರಾದವನೊಬ್ಬ, ಪಾದ್ರಿ ಅಂತ ಕರೆಸಿಕೊಳ್ಳೋನೊಬ್ಬ, ಒಟ್ಟು ಆರು ಮಾತಾಡೋ ಕಲ್ಲುಗಳು. 1625ರ ಸುಮಾರಿಗೆ ಬಾರ್ಬೆರೀನಿ ಮನೆತನದ ಪೋಪ್ ಎಂಟನೇ ಅರ್ಬನ್, ಪ್ಯಾಂಥಿಯನ್ ಕಟ್ಟಡದ ಮುಂಭಾಗದ ಹಳೇ ಕಂಚನ್ನ ಕೀಳಿಸಿ ಫಿರಂಗಿ ಎರಕಕ್ಕೆ ಕಳಿಸಿದ. ಆಗ ಹುಟ್ಟಿದ ಒಂದು ಸಾಲು ಇವತ್ತಿಗೂ ಇಟಲಿಯವರ ಬಾಯಲ್ಲಿದೆ. ಹಿಂದೆ ದಾಳಿ ಮಾಡಿದ 'ಬಾರ್ಬರ'ರೇ ಬಿಟ್ಟು ಹೋಗಿದ್ದನ್ನ ಈ 'ಬಾರ್ಬೆರೀನಿ' ಮುಗಿಸಿದ ಅನ್ನೋ ಪದಗಳ ಆಟ ಅದು. ಪೋಪ್ ಕಟ್ಟಿಸಿದ್ದರ ಜೊತೆ ಬೈಗುಳವೂ ನಾಲ್ಕುನೂರು ವರ್ಷ ಉಳಿದುಕೊಂಡಿತು.

ಈಗ ವೆನಿಸ್. ನಾಲ್ಕನೇ ಫೋಟೋ. ಗೋಡೆಯಲ್ಲಿ ಕೆತ್ತಿದ ಮುಖ, ಬಾಯಿ ಜಾಗದಲ್ಲಿ ಸೀಳು. ಇದಕ್ಕೆ ಸಿಂಹದ ಬಾಯಿ ಅಂತಾರೆ. ಗೋಡೆಯ ಆಚೆ ಬದಿಗೆ ಬೀಗ ಹಾಕಿದ ಪೆಟ್ಟಿಗೆ. ಇಲ್ಲಿ ಚೀಟಿ ಹಾಕಿ ಅಂತ ಸರ್ಕಾರವೇ ಕರೆಯೋದು! ಅದೂ ವಿಷಯವಾರು. ಅರಮನೆಯಲ್ಲಿರೋ ಒಂದರ ಕೆಳಗೆ, ನಿಜವಾದ ಆದಾಯ ಮುಚ್ಚಿಡೋರ ಮೇಲಿನ ಗುಟ್ಟಿನ ದೂರುಗಳಿಗೆ ಅಂತ ಬರೆದಿದೆ. ಜಾಟೆರೆ ದಡದ ಒಂದು ಚರ್ಚಿನ ಗೋಡೆಯಲ್ಲಿರೋದು ಊರಿನ ಸ್ವಚ್ಛತೆ, ಆರೋಗ್ಯಕ್ಕೆ ಸಂಬಂಧಿಸಿದ ದೂರುಗಳಿಗೆ. ಕಸ ಎಸೆಯೋರ ಮೇಲೆ ಚಾಡಿ ಹೇಳೋಕೆ ಬೇರೆ ಬಾಯಿ, ತೆರಿಗೆ ಕಳ್ಳರ ಮೇಲೆ ಹೇಳೋಕೆ ಬೇರೆ ಬಾಯಿ ಅಂದ್ಕೊಳ್ಳಿ.

ಬಿದ್ದ ಚೀಟಿಯನ್ನೆಲ್ಲಾ ನಂಬ್ತಿದ್ರಾ? ಇಲ್ಲ. ನನಗೆ ಇಂಟರೆಸ್ಟಿಂಗ್ ಅನ್ಸಿದ್ದು ಇದೇ. ಸಹಿ ಇಲ್ಲದ ದೂರುಗಳನ್ನ ಸುಟ್ಟು ಹಾಕಬೇಕು ಅನ್ನೋ ಆದೇಶ 14ನೇ ಶತಮಾನದ ಕೊನೆಯಲ್ಲೇ ಬಂದಿತ್ತು. ಆಮೇಲೆ ನಿಯಮ ಸಡಿಲವಾದರೂ ಸಹಿ ಇಲ್ಲದ ಚೀಟಿಗೆ ಜರಡಿ ತಪ್ಪಲಿಲ್ಲ. ವಿಷಯ ರಾಜ್ಯಕ್ಕೆ ಸಂಬಂಧಪಟ್ಟಿದ್ದಾ, ಇಲ್ಲಾ ಪಕ್ಕದ ಮನೆಯವನ ಮೇಲಿನ ಹೊಟ್ಟೆಕಿಚ್ಚಾ ಅಂತ ಮೊದಲು ತೀರ್ಮಾನ. ಕೈಗೆತ್ತಿಕೊಳ್ಳಬೇಕಾ ಬೇಡವಾ ಅಂತ ಆಮೇಲೆ ವೋಟು. ಅದಕ್ಕೂ ಬರೀ ಬಹುಮತ ಸಾಲದು, ಹತ್ತಿರ ಹತ್ತಿರ ಎಲ್ಲರೂ ಒಪ್ಪಬೇಕು. ಇನ್ನು 1542ರ ಕಾನೂನಿನ ಪ್ರಕಾರ ದೂರಿನ ಜೊತೆ ಸಾಕ್ಷಿಗಳ ಹೆಸರೂ ಇರಬೇಕಿತ್ತು.

ಹಾಗಾದ್ರೆ ವೆನಿಸ್ ಜಾಣ, ರೋಮ್ ದಡ್ಡ ಅಂತ ಬರೆದು ಮುಗಿಸಬಹುದಿತ್ತು. ಆದ್ರೆ ಅಂತೋನಿಯೋ ಫೊಸ್ಕಾರೀನಿ ಹಾಗೆ ಬರೆಯೋಕೆ ಬಿಡಲ್ಲ. ಅವನು ವೆನಿಸ್‌ನ ಶ್ರೀಮಂತ ಮನೆತನದವನು, ಹಿಂದೆ ಲಂಡನ್‌ನಲ್ಲಿ ರಾಯಭಾರಿ ಆಗಿದ್ದವನು. ವಿದೇಶಿಯರಿಗೆ ರಾಜ್ಯದ ಗುಟ್ಟು ಮಾರಿದ ಅಂತ 1622ರಲ್ಲಿ ಅವನನ್ನ ಕತ್ತು ಹಿಸುಕಿ ಕೊಂದು, ಹೆಣವನ್ನ ಒಂದು ಕಾಲಿಗೆ ಹಗ್ಗ ಕಟ್ಟಿ ಚೌಕದಲ್ಲಿ ತಲೆಕೆಳಗಾಗಿ ನೇತುಹಾಕಿದರು. ಇಲ್ಲಿ ದೂರು ಕೊಟ್ಟಿದ್ದು ಹೆಸರಿಲ್ಲದ ಚೀಟಿಯಲ್ಲ, ಸಂಬಳದ ಗೂಢಚಾರರು. ಕೆಲವೇ ತಿಂಗಳಲ್ಲಿ ಅವರು ಹೇಳಿದ್ದು ಸುಳ್ಳು ಅಂತ ಗೊತ್ತಾಯ್ತು, ಅವರಿಗೂ ಮರಣದಂಡನೆ ಆಯ್ತು. 1623ರಲ್ಲಿ ಸರ್ಕಾರ ಫೊಸ್ಕಾರೀನಿ ನಿರ್ದೋಷಿ ಅಂತ ಬಹಿರಂಗವಾಗಿ ಸಾರಿತು. ತಪ್ಪು ಒಪ್ಪಿಕೊಂಡಿದ್ದು ದೊಡ್ಡದೇ, ಆದ್ರೆ ಕೇಳಿಸಿಕೊಳ್ಳೋಕೆ ಅವನಿರಲಿಲ್ಲ. ಮೂಗರ್ಜಿಗೆ ಅಷ್ಟೊಂದು ಜರಡಿ ಇಟ್ಟವರು ಹೆಸರಿದ್ದವನ ಸುಳ್ಳನ್ನ ನುಂಗಿಬಿಟ್ಟಿದ್ದರು.

ನನ್ನ ಪ್ರಕಾರ ಎರಡೂ ಊರಲ್ಲಿ ಹೆಸರು ಮುಚ್ಚಿಟ್ಟಿದ್ದು ಒಂದೇ ಥರದ ಕೆಲಸ ಅಲ್ಲ. ರೋಮ್‌ನಲ್ಲಿ ಚೀಟಿ ಬೀದಿಯಲ್ಲೇ ಇತ್ತು, ಎಲ್ಲರೂ ಓದಿ ನಗಬಹುದಿತ್ತು, ಗುರಿ ಮೇಲಿನವರ ಕಡೆಗಿತ್ತು. ಸಿಕ್ಕಿಬಿದ್ರೆ ಸಾಯೋನು ಬರೆದವನೇ. ವೆನಿಸ್‌ನಲ್ಲಿ ಚೀಟಿ ಕತ್ತಲ ಪೆಟ್ಟಿಗೆಗೆ ಬೀಳೋದು, ಗುರಿ ಪಕ್ಕದ ಮನೆಯವನೂ ಆಗಿರಬಹುದು, ತಾನು ಯಾರಿಂದ ಹೊಡೆತ ತಿಂದೆ ಅಂತ ಅವನಿಗೆ ಗೊತ್ತೂ ಆಗಲ್ಲ. ಮೊದಲನೆಯದನ್ನ ಅಧಿಕಾರ ನೇಣಿಗೆ ಹಾಕಿತು, ಎರಡನೆಯದಕ್ಕೆ ಕಲ್ಲಲ್ಲಿ ಬಾಯಿ ಕೆತ್ತಿಸಿಕೊಟ್ಟಿತು.

1797ರಲ್ಲಿ ನೆಪೋಲಿಯನ್ ಮುಂದೆ ವೆನಿಸ್ ಗಣರಾಜ್ಯ ಬಿದ್ದ ಮೇಲೆ ಎಷ್ಟೋ ಸಿಂಹಗಳನ್ನ ಉಳಿಯಿಂದ ಕೆತ್ತಿ ತೆಗೆದರು. ಉಳಿದ ಕೆಲವು ಬಾಯಿಗಳಲ್ಲಿ ಈಗ ಟೂರಿಸ್ಟ್‌ಗಳು ಬೆರಳು ಹಾಕಿ ಫೋಟೋ ತೆಗೆಸ್ಕೊಳ್ತಾರೆ. ಪಾಸ್ಕ್ವಿನೋ ಇನ್ನೂ ಡ್ಯೂಟಿಯಲ್ಲಿದ್ದಾನೆ. 2010ರಲ್ಲಿ ಅವನನ್ನ ತೊಳೆದು ರಿಪೇರಿ ಮಾಡಿದ ಮೇಲೆ ಕಲ್ಲಿಗೆ ಅಂಟಿಸಬೇಡಿ ಅಂತ ಪಕ್ಕದಲ್ಲೊಂದು ಬೋರ್ಡ್ ನಿಲ್ಲಿಸಿದ್ದಾರೆ. ಚೀಟಿಗಳು ಅಲ್ಲಿಗೆ ಶಿಫ್ಟ್ ಆಗಿವೆ.

ಕೊನೆಯ ಫೋಟೋದಲ್ಲಿರೋ ಸಿಂಹ ವೆನಿಸ್‌ನದ್ದಲ್ಲ. 1713ರಲ್ಲಿ ಜೋಸೆಫ್ ಅಡಿಸನ್ ಅನ್ನೋ ಪತ್ರಿಕೆಯವನು ವೆನಿಸ್‌ನದ್ದನ್ನ ನೋಡಿ ಲಂಡನ್‌ನ ಬಟನ್ಸ್ ಕಾಫಿ ಹೌಸ್‌ನಲ್ಲಿ ಇಡಿಸಿದ ಸಿಂಹದ ತಲೆ ಅದು. ಅದರ ಬಾಯಿಗೆ ಬೀಳ್ತಿದ್ದದ್ದು ಓದುಗರ ಪತ್ರಗಳು, ಯಾವುದನ್ನ ಅಚ್ಚು ಹಾಕಬೇಕು ಅಂತ ಆರಿಸ್ತಿದ್ದವನು ಅವನೇ. ಆ ಸಿಂಹದ ಕತೆ ಮುಂದಿನ ಭಾಗಕ್ಕೆ.