ಗೇಮ್‌ನೊಳಗೆ ಕಾಫಿ ಹುಡುಕಿದರೆ ನಮ್ಮ ಮಲೆನಾಡಿಗೇ ದಾರಿ: 'ಅಸಾಸಿನ್ಸ್ ಕ್ರೀಡ್' ಇಸವಿಗಳ ಮೇಲೆ ಕಾಫಿಯ ಇತಿಹಾಸ

ನವಲಗುಂದ ಇರಲಿ, ಕುಂದಗೋಳ ಇರಲಿ, ಮನೆಗೆ ಯಾರಾದರೂ ಬಂದರೆ ನಮ್ಮ ಕಡೆ ಕೇಳೋದು ಒಂದೇ ಮಾತು: 'ಚಾ ತಗೋತೀರೇನ್ರಿ?' ಕಾಫಿ ಅಂದರೆ ಉಡುಪಿ ಹೋಟೆಲ್ ನೆನಪಾಗತೈತಿ, ಇಲ್ಲಾ ಬೆಂಗಳೂರಿನ ಬೀಗರು ಬಂದಾಗ ತರೋ ಪುಡಿ. ಇಂಥ ಚಹಾದ ಸೀಮೆಯೊಳಗೆ ಕಾಲೇಜು ಹುಡುಗರು ಮೊಬೈಲು, ಕಂಪ್ಯೂಟರಿನಲ್ಲಿ 'ಅಸಾಸಿನ್ಸ್ ಕ್ರೀಡ್' ಆಡತಾರ. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2007ರಲ್ಲಿ ಶುರು ಮಾಡಿದ ಈ ಸರಣಿಯ ಒಂದೊಂದು ಆಟವೂ ಇತಿಹಾಸದ ಒಂದೊಂದು ಕಾಲದಲ್ಲಿ ನಡೆಯುತ್ತದೆ. ಕಟ್ಟಡ, ಬಜಾರ, ಹಡಗು ಎಲ್ಲಾ ಆ ಕಾಲದ್ದೇ ಅನ್ನುವಂತೆ ತೋರಿಸುತ್ತಾರೆ. ಆಟದ ಇಸವಿಗಳನ್ನು ಸಾಲಾಗಿ ಇಟ್ಟು ಪ್ರತಿಯೊಂದರಲ್ಲೂ 'ಇಲ್ಲಿ ಕಾಫಿ ಇತ್ತಾ?' ಅಂತ ಕೇಳುತ್ತಾ ಹೋದರೆ ಕಾಫಿಯ ಇಡೀ ಕಥೆ ಸಿಗುತ್ತದೆ. ಆ ಕಥೆಯ ನಡುಮಧ್ಯದ ಕೊಂಡಿ ಮಾತ್ರ ಯಾವ ಆಟದಲ್ಲೂ ಇಲ್ಲ. ಅದು ಇರೋದು ನಮ್ಮ ಪಶ್ಚಿಮ ಕರಾವಳಿ ಮತ್ತು ಮಲೆನಾಡಿನಲ್ಲಿ.

ಕಾಫಿ ಇಲ್ಲದ ಕಾಲ

'ಒರಿಜಿನ್ಸ್' ಆಟ ನಡೆಯೋದು ಕ್ರಿಸ್ತಪೂರ್ವ 49ರ ಸುಮಾರಿನ ಈಜಿಪ್ಟಿನಲ್ಲಿ, 'ಮಿರಾಜ್' 861ರ ಬಾಗ್ದಾದಿನಲ್ಲಿ, ಮೊಟ್ಟಮೊದಲ ಆಟ 1191ರ ಡಮಾಸ್ಕಸ್, ಜೆರುಸಲೇಮಿನಲ್ಲಿ. ಈ ಮೂರು ಕಾಲದಲ್ಲೂ ಬಜಾರದಲ್ಲಿ ಕಾಫಿ ಕುಡಿಯುವ ಜನ ಇರಲಿಲ್ಲ. ಅರೇಬಿಕಾ ಕಾಫಿಯ ಗಿಡ ಇಥಿಯೋಪಿಯಾದ ಕಾಡಿನ ಗಿಡ. ಬೀಜ ಹುರಿದು, ಕುದಿಸಿ ಕುಡಿಯುವ ರೂಢಿ ಬಗ್ಗೆ ಗಟ್ಟಿ ದಾಖಲೆ ಸಿಗೋದು 15ನೇ ಶತಮಾನದ ಯೆಮನ್‌ನಿಂದ. ಅಲ್ಲಿನ ಸೂಫಿಗಳು ರಾತ್ರಿಯ ಜಿಕ್ರ್ ಹೊತ್ತಿಗೆ ನಿದ್ದೆ ಬರಬಾರದು ಅಂತ ಕುಡಿಯುತ್ತಿದ್ದರು. ಆಡು ಕಾಯುವವನ ಆಡುಗಳು ಕಾಫಿ ಹಣ್ಣು ತಿಂದು ಕುಣಿದವು ಅನ್ನೋ ಕಥೆ ಎಲ್ಲಾ ಕಡೆ ಓಡಾಡುತ್ತದೆ. ಕೇಳಲಿಕ್ಕೆ ಚೊಲೋ ಐತಿ, ಆದರೆ ಅದು ಬಹಳ ತಡವಾಗಿ ಹುಟ್ಟಿದ ಕಥೆ.

1511: ಸಂತೆ ಅಧಿಕಾರಿ ಹಾಕಿದ ಬಂದಿ

'ರೆವೆಲೇಶನ್ಸ್' ಆಟದ ಕಥೆ ಶುರುವಾಗೋದು 1511ರಲ್ಲಿ, ಆಟೋಮನ್ನರ ಕಾನ್‌ಸ್ಟಾಂಟಿನೋಪಲ್‌ನಲ್ಲಿ. ಅದೇ ವರ್ಷ ಮೆಕ್ಕಾದಲ್ಲಿ ಕಾಫಿ ಬಗ್ಗೆ ದೊಡ್ಡ ಗಲಾಟೆ ಆಯಿತು. ಖೈರ್ ಬೇಗ್ ಅಂತ ಒಬ್ಬ ಅಧಿಕಾರಿ. ಅವನ ಕೆಲಸ ಬಜಾರದ ತಪಾಸಣೆ: ತೂಕ, ಅಳತೆ, ನಡವಳಿಕೆ ಎಲ್ಲಾ ನೋಡೋದು. ರಾತ್ರಿ ಹೊತ್ತಿನಲ್ಲಿ ಜನ ಗುಂಪುಕಟ್ಟಿ ಏನೋ ಕುಡಿಯೋದು ಕಂಡು ಅವನಿಗೆ ಅನುಮಾನ ಬಂತು. ವಿದ್ವಾಂಸರನ್ನು, ವೈದ್ಯರನ್ನು ಸೇರಿಸಿ ಇದು ಅಮಲಿನ ವಸ್ತು ಅಂತ ತೀರ್ಮಾನ ಮಾಡಿಸಿದ. ಬಜಾರದಲ್ಲಿದ್ದ ಕಾಫಿಯನ್ನು ಸುಡಿಸಿದ, ಮಾರಿದವರಿಗೂ ಕುಡಿದವರಿಗೂ ಶಿಕ್ಷೆ ಆಯಿತು. ಕೈರೋದಲ್ಲಿದ್ದ ಸುಲ್ತಾನನ ಆಸ್ಥಾನ ಮಾತ್ರ ಈ ಬಂದಿಯನ್ನು ಪೂರ್ತಿ ಒಪ್ಪಲಿಲ್ಲ, ಅದು ಬಹಳ ದಿನ ನಡೆಯಲೂ ಇಲ್ಲ. ಆಟದ ನಾಯಕ ಎಜಿಯೋ ಓಡಾಡುವ ಶಹರದಲ್ಲಿ ಕಾಫಿ ಅಂಗಡಿ ತೆರೆದದ್ದು ಇನ್ನೂ 40 ವರ್ಷದ ಮೇಲೆ, 1550ರ ದಶಕದಲ್ಲಿ. ಅಲೆಪ್ಪೋದಿಂದ ಒಬ್ಬ, ಡಮಾಸ್ಕಸ್‌ನಿಂದ ಒಬ್ಬ, ಇಬ್ಬರು ವ್ಯಾಪಾರಸ್ಥರು ಬಂದು ಅಂಗಡಿ ಇಟ್ಟರು ಅಂತ ಆಟೋಮನ್ ಚರಿತ್ರೆಕಾರ ಪೆಚೆವಿ ಬರೆದಿದ್ದಾನೆ.

ಆಟ ಹಾರಿಸಿಬಿಟ್ಟ ಕೊಂಡಿ

ಇಲ್ಲಿಂದ ನಾವು 1715ರ ಕೆರಿಬಿಯನ್ ಸಮುದ್ರಕ್ಕೆ ಜಿಗಿಯೋಣ. ನಡುವಿನ 200 ವರ್ಷದಲ್ಲಿ ಕಾಫಿಯ ಹಣೆಬರಹ ಬದಲಾದದ್ದು ಹಿಂದೂಸ್ತಾನದಲ್ಲಿ.

ಆಗ ಜಗತ್ತಿಗೆ ಕಾಫಿ ಕೊಡುತ್ತಿದ್ದದ್ದು ಯೆಮನ್ ಒಂದೇ, ಮೋಖಾ ಬಂದರಿನ ಮೂಲಕ. ಬೀಜ ಮೊಳೆಯದಂತೆ ಮಾಡಿಯೇ ಹೊರಗೆ ಕಳಿಸುತ್ತಿದ್ದರು ಅಂತ ಹೇಳುತ್ತಾರೆ. ಕುಡಿಯುವ ಕಾಫಿ ನಮ್ಮ ದೇಶಕ್ಕೆ ಮೊದಲೇ ಬಂದಿತ್ತು. ಜಹಾಂಗೀರನ ದರಬಾರಿಗೆ ಬಂದಿದ್ದ ಥಾಮಸ್ ರೋನ ಪಾದ್ರಿ ಎಡ್ವರ್ಡ್ ಟೆರಿ, ಮದ್ಯ ಮುಟ್ಟದ ಜನ ಇಲ್ಲಿ ಕಾಫಿ ಕುಡಿಯುತ್ತಾರೆ ಅಂತ ಬರೆದಿಟ್ಟಿದ್ದಾನೆ. ಅದು 1610ರ ದಶಕದ ಮಾತು. ಗಿಡ ಬಂದದ್ದು ಆಮೇಲೆ. ಹಜ್ ಮುಗಿಸಿ ಬರುವಾಗ ಬಾಬಾ ಬುಡನ್ ಅನ್ನುವ ಸೂಫಿ ಸಂತರು ಏಳು ಬೀಜ ಬಚ್ಚಿಟ್ಟುಕೊಂಡು ತಂದು, ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರು ಅನ್ನೋದು ತಲೆಮಾರುಗಳಿಂದ ಬಂದ ಮಾತು. ಕಾಫಿ ಪುಸ್ತಕಗಳು ಇದಕ್ಕೆ ಕೊಡುವ ಇಸವಿ 1670. ಬೀಜ ಸೊಂಟದಲ್ಲಿತ್ತೋ ಗಡ್ಡದಲ್ಲಿತ್ತೋ ಅನ್ನೋದು ಹೇಳುವವರ ಮೇಲೆ ಹೋಗುತ್ತದೆ. ಆ ಬೆಟ್ಟಕ್ಕೆ ಅವರ ಹೆಸರು ನಿಂತಿರೋದು, ಸುತ್ತ ಕಾಫಿ ನಿಂತಿರೋದು ಕಣ್ಣೆದುರಿಗೇ ಐತಿ.

ಆ ಹೊತ್ತಿಗೆ ನಮ್ಮ ಸೀಮೆ ಹೆಂಗಿತ್ತು? ಧಾರವಾಡ ಕಡೆ ಬಿಜಾಪುರದ ಆದಿಲಶಾಹಿ ಆಳ್ವಿಕೆ. ಹುಬ್ಬಳ್ಳಿ ಜವಳಿ ಪೇಟೆ, ಇಲ್ಲಿನ ಬಟ್ಟೆ ಕಾರವಾರ ಬಂದರಿಗೆ ಹೋಗುತ್ತಿತ್ತು. 1673ರಲ್ಲಿ ಶಿವಾಜಿಯ ಸೇನೆ ಹುಬ್ಬಳ್ಳಿ ಪೇಟೆಯನ್ನು ಲೂಟಿ ಮಾಡಿದಾಗ ಇಂಗ್ಲಿಷರ ವಖಾರವೂ ಹೋಯಿತು. ಮುಸುಕು ಹಾಕಿಕೊಂಡು ಮಾಳಿಗೆ ಹಾರುವ ಆಟಕ್ಕೆ ಇದಕ್ಕಿಂತ ಕಥೆ ಬೇಕೇನ್ರಿ? ಆದರೆ ಈ ಸರಣಿ ಭಾರತಕ್ಕೆ ಕಾಲಿಟ್ಟದ್ದು 'ಕ್ರಾನಿಕಲ್ಸ್: ಇಂಡಿಯಾ' ಅನ್ನೋ ಸಣ್ಣ ಆಟದಲ್ಲಿ, ಅದೂ 1841ರ ಸಿಖ್ ಸಾಮ್ರಾಜ್ಯಕ್ಕೆ.

ಇನ್ನು ಮುಂದಿನದು ಕಥೆ ಅಲ್ಲ, ಬರವಣಿಗೆಯಲ್ಲಿ ಇರೋದು. 1696ರಲ್ಲಿ ಡಚ್ಚರು ಮಲಬಾರ್ ಕರಾವಳಿಯಿಂದ ಕಾಫಿ ಸಸಿಗಳನ್ನು ಜಾವಾದ ಬಟಾವಿಯಾಕ್ಕೆ (ಇಂದಿನ ಜಕಾರ್ತಾ) ಸಾಗಿಸಿದರು. ಅವು ನೆರೆಯಲ್ಲಿ ಹೋದವು. 1699ರಲ್ಲಿ ಮತ್ತೆ ಒಯ್ದರು, ಈ ಸಲ ಹತ್ತಿದವು. ಜಾವಾದ ಗಿಡವೊಂದು 1706ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಸ್ಯತೋಟಕ್ಕೆ ಹೋಯಿತು. ಅದರ ಸಂತತಿಯ ಒಂದು ಗಿಡವನ್ನು 1714ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿಗೆ ಕಾಣಿಕೆ ಕೊಟ್ಟರು. ಆ ಪ್ಯಾರಿಸ್ ಗಿಡದ ಸಸಿಯನ್ನು ದ ಕ್ಲಿಯು ಅನ್ನುವ ನೌಕಾ ಅಧಿಕಾರಿ 1720ರ ದಶಕದ ಆರಂಭದಲ್ಲಿ ಕೆರಿಬಿಯನ್‌ನ ಮಾರ್ಟಿನೀಕ್ ದ್ವೀಪಕ್ಕೆ ಒಯ್ದ. ಹಡಗಿನಲ್ಲಿ ನೀರು ತೀರುತ್ತ ಬಂದಾಗ ತನ್ನ ಪಾಲಿನ ನೀರನ್ನು ಸಸಿಗೆ ಹಾಕಿದೆ ಅಂತ ಅವನೇ ಬರೆದುಕೊಂಡಿದ್ದಾನೆ.

ಅಂದರೆ ನಮ್ಮ ಪಶ್ಚಿಮ ಕರಾವಳಿಯಿಂದ ಹೊರಟ ಸಸಿ ಜಾವಾ, ಹಾಲೆಂಡ್, ಫ್ರಾನ್ಸ್ ಸುತ್ತಿ ಅಮೆರಿಕದ ಕಡಲಿಗೆ ಮುಟ್ಟಿತು. ಮುಟ್ಟಿದ್ದು ಸರಿಯಾಗಿ 'ಬ್ಲ್ಯಾಕ್ ಫ್ಲ್ಯಾಗ್' ಆಟದ ಕಾಲಕ್ಕೆ. ಕಡಲ್ಗಳ್ಳ ಎಡ್ವರ್ಡ್ ಕೆನ್ವೆ 1715ರಿಂದ 1722ರವರೆಗೆ ಅಡ್ಡಾಡೋದು ಇದೇ ನೀರಿನ ಮೇಲೆ.

ತೋಟದ ಬೆಲೆ, ಪ್ಯಾರಿಸಿನ ಕಿರಾಣಿ ಅಂಗಡಿ

ಇದರ ಮುಂದುವರಿದ ಭಾಗ 'ಫ್ರೀಡಂ ಕ್ರೈ'. ನಾಯಕ ಅದೆವಾಲೆ, ತಾನೇ ಹಿಂದೆ ಗುಲಾಮನಾಗಿದ್ದವ. 1735ರ ಸುಮಾರಿಗೆ ಫ್ರೆಂಚರ ವಸಾಹತು ಸ್ಯಾನ್ ಡೊಮಿಂಗ್‌ನಲ್ಲಿ, ಅಂದರೆ ಇಂದಿನ ಹೈಟಿಯಲ್ಲಿ, ತೋಟಗಳಿಗೆ ನುಗ್ಗಿ ಗುಲಾಮರನ್ನು ಬಿಡಿಸುತ್ತಾನೆ. ಆಗ ಅಲ್ಲಿ ಸಕ್ಕರೆ ತೋಟಗಳದೇ ದೊಡ್ಡ ಲೆಕ್ಕ. ಕಾಫಿ ಗುಡ್ಡ ಏರಿದ್ದು ಮುಂದಿನ ದಶಕಗಳಲ್ಲಿ. ಏರಿದ ವೇಗ ಎಂಥದು ಅಂದರೆ 1780ರ ದಶಕದ ಕೊನೆಗೆ ಜಗತ್ತಿನ ಕಾಫಿಯ ಸುಮಾರು ಅರ್ಧ ಆ ಒಂದೇ ವಸಾಹತಿನಿಂದ ಬರುತ್ತಿತ್ತು. ದುಡಿದವರು ಆಫ್ರಿಕಾದಿಂದ ಹಿಡಿದು ತಂದು ಮಾರಿದ ಮನುಷ್ಯರು. ಆಟದಲ್ಲಿ ಬಟನ್ ಒತ್ತಿದರೆ ಸರಪಳಿ ಬಿಚ್ಚುತ್ತದೆ. ನಿಜವಾಗಿ ಬಿಚ್ಚಲಿಕ್ಕೆ 1791ರ ಗುಲಾಮರ ದಂಗೆ ಆಗಬೇಕಾಯಿತು, 13 ವರ್ಷದ ಯುದ್ಧ ಆಗಬೇಕಾಯಿತು. 1804ರಲ್ಲಿ ಹೈಟಿ ಸ್ವತಂತ್ರ ಆಯಿತು.

ಆ ದಂಗೆಯ ಬಿಸಿ 'ಯೂನಿಟಿ' ಆಟದ ಪ್ಯಾರಿಸಿಗೆ ತಟ್ಟಿತು. ಈ ಆಟದಲ್ಲಿ ನಾಯಕ ಆರ್ನೋನ ಠಿಕಾಣಿಯೇ ಒಂದು ಕೆಫೆ. ರಿಪೇರಿ ಮಾಡಿಸಿದಷ್ಟೂ ಅದರಿಂದ ರೊಕ್ಕ ಬರುತ್ತದೆ. ಇದನ್ನು ಆಟದವರು ಕಟ್ಟಿಕೊಂಡದ್ದು ಖರೆ, ಆದರೆ ಸುಳ್ಳಿನ ಮೇಲೆ ಕಟ್ಟಿದ್ದಲ್ಲ. 1686ರಲ್ಲಿ ಶುರುವಾದ ಪ್ರೊಕೋಪ್ ಕೆಫೆಯಿಂದ ಹಿಡಿದು ಆ ಊರಿನ ರಾಜಕೀಯ ಮಾತೆಲ್ಲ ಕೆಫೆಗಳಲ್ಲೇ. 1789ರ ಜುಲೈ 12ರಂದು ಕಮೀಲ್ ದೆಮೂಲ್ಯಾ ಕೆಫೆ ಎದುರಿನ ಮೇಜಿನ ಮೇಲೆ ಹತ್ತಿ ಜನರಿಗೆ ಶಸ್ತ್ರ ಹಿಡಿಯಿರಿ ಅಂತ ಕರೆ ಕೊಟ್ಟ. ಎರಡು ದಿನಕ್ಕೆ ಬಾಸ್ಟೀಲ್ ಬಿತ್ತು.

ಅಂಗಡಿಕಾರರು ಗಮನಿಸಬೇಕಾದ್ದು ಆಮೇಲಿನ ಸುದ್ದಿ. ಸ್ಯಾನ್ ಡೊಮಿಂಗ್‌ನ ಮಾಲು ನಿಂತಿತು, ಯುದ್ಧ ಸೇರಿತು, ಕಾಗದದ ನೋಟಿನ ಕಿಮ್ಮತ್ತು ಇಳಿಯಿತು. ಪ್ಯಾರಿಸಿನಲ್ಲಿ ಸಕ್ಕರೆ, ಕಾಫಿ, ಸಾಬೂನಿನ ದರ ಏರಿತು. 1793ರ ಫೆಬ್ರುವರಿಯಲ್ಲಿ ಜನ ಕಿರಾಣಿ ಅಂಗಡಿಗಳಿಗೆ ನುಗ್ಗಿದರು. ಬಹಳ ಕಡೆ ಮಾಲು ಸುಮ್ಮನೆ ಒಯ್ಯಲಿಲ್ಲ, ತಾವೇ ಒಂದು ದರ ಕಟ್ಟಿ ಆ ದರಕ್ಕೆ ತೂಗಿಸಿಕೊಂಡರು. ನೀವು ದಾಸ್ತಾನು ಬಚ್ಚಿಟ್ಟೀರಿ ಅಂತ ಜನ, ನಮಗೇ ಆ ದರಕ್ಕೆ ಬಂದಿಲ್ಲ ಅಂತ ಅಂಗಡಿಯವರು. ಉಳ್ಳಾಗಡ್ಡಿ ದರ ಏರಿದಾಗ ನಮ್ಮ ಸಂತೆಯಲ್ಲಿ ಆಗೋ ಜಗಳ ನೆನಪಾದರೆ ಆಶ್ಚರ್ಯ ಇಲ್ಲ.

ಚಹಾ ಹೆಂಗ ಗೆದ್ದಿತು?

ಚಹಾ ಕೂಡ ಈ ಸರಣಿಯಲ್ಲಿ ಐತಿ. ಮೂರನೇ ಆಟದಲ್ಲಿ 1773ರ ಡಿಸೆಂಬರ್ 16ರ ಬಾಸ್ಟನ್ ಘಟನೆ ಬರುತ್ತದೆ, ತೆರಿಗೆ ವಿರೋಧಿಸಿ ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಚಹಾ ಸಮುದ್ರಕ್ಕೆ ಎಸೆದದ್ದು. ಆಟಗಾರನೇ ಪೆಟ್ಟಿಗೆ ಎತ್ತಿ ಒಗೆಯಬೇಕು.

'ಸಿಂಡಿಕೇಟ್' ಆಟದ ಲಂಡನ್ 1868ರದ್ದು. ಮರುವರ್ಷವೇ, 1869ರಲ್ಲಿ, ಸಿಲೋನಿನ ಕಾಫಿ ತೋಟಗಳಲ್ಲಿ ಎಲೆ ತುಕ್ಕು ರೋಗ ಕಾಣಿಸಿತು. ಎಲೆಯ ಕೆಳಗೆ ಕೇಸರಿ ಪುಡಿ, ಆಮೇಲೆ ಎಲೆ ಉದುರಿ ಗಿಡ ಬೋಳು. ಮುಂದಿನ ಎರಡು ದಶಕದಲ್ಲಿ ಸಿಲೋನ್ ಕಾಫಿ ಕಿತ್ತು ಚಹಾ ಹಚ್ಚಿತು. ರೋಗ ನಮ್ಮ ಮಲೆನಾಡಿಗೂ ಬಂತು. ಬಾಬಾ ಬುಡನ್ ಕಾಲದ್ದೆನ್ನುವ ಹಳೇ 'ಚಿಕ್' ತಳಿಗೆ ದೊಡ್ಡ ಹೊಡೆತ ಬಿತ್ತು. ಆದರೆ ಇಲ್ಲಿನವರು ಕಾಫಿ ಬಿಡಲಿಲ್ಲ, ತಳಿ ಬದಲಿಸಿದರು. 1925ರಲ್ಲಿ ಬಾಳೆಹೊನ್ನೂರು ಬಳಿ ಸಂಶೋಧನಾ ಕೇಂದ್ರ ಬಂತು. ಅಲ್ಲಿಂದ 1940ರ ದಶಕದಲ್ಲಿ ಬಂದ ಎಸ್. 795 ತಳಿ ಇಂದಿಗೂ ತೋಟಗಳಲ್ಲಿದೆ. ದೇಶದ ಕಾಫಿಯಲ್ಲಿ ಸುಮಾರು 70 ಭಾಗ ಇವತ್ತು ಕರ್ನಾಟಕದ್ದೇ: ಕೊಡಗು, ಚಿಕ್ಕಮಗಳೂರು, ಹಾಸನ.

ಅಷ್ಟು ಹತ್ತಿರ ಕಾಫಿ ಇಟ್ಟುಕೊಂಡು ನಾವ್ಯಾಕೆ ಚಹಾದವರಾದೆವು? ಅರ್ಧ ಉತ್ತರ ಮಣ್ಣಿನಲ್ಲಿದೆ. ಅರೇಬಿಕಾಕ್ಕೆ ಸಾವಿರ ಮೀಟರ್ ಆಸುಪಾಸಿನ ಎತ್ತರ, ನೆರಳು, 1600 ಮಿ.ಮೀ.ಗೂ ಹೆಚ್ಚು ಮಳೆ ಬೇಕು. ನವಲಗುಂದ, ಅಣ್ಣಿಗೇರಿಯ ಎರೆಹೊಲದಲ್ಲಿ ಕಡಲೆ, ಹತ್ತಿ, ಜೋಳ ಬರುತ್ತವೆ. ಕಲಘಟಗಿ ಮಲೆನಾಡಿನ ಸೆರಗಿನಲ್ಲಿದ್ದರೂ ಅದು ಭತ್ತದ ಸೀಮೆ. ಉಳಿದರ್ಧ ಆಡಳಿತದ್ದು. 1956ರವರೆಗೆ ನಾವು ಮುಂಬೈ ಕಡೆಯವರು, ಮೈಸೂರಿನವರಲ್ಲ. 'ಚಹಾ' ಅನ್ನೋ ಮಾತೇ ಮರಾಠಿಯ ಜೊತೆಗಿನ ಮಾತು. 1903ರಿಂದ ಚಹಾದ ಮೇಲೆ ಸೆಸ್ ಎತ್ತಿ ಆ ರೊಕ್ಕದಲ್ಲಿ ದೇಶದ ತುಂಬ ಪ್ರಚಾರ ಮಾಡಿದರು. ರೈಲ್ವೆ ಸ್ಟೇಷನ್‌ಗಳಲ್ಲಿ ಹೆಂಗ ಕುದಿಸಬೇಕು ಅಂತ ಬೋರ್ಡ್ ಹಾಕಿದರು. ಕಾಫಿಯವರು ಸೆಸ್ ಕಮಿಟಿ ಕಟ್ಟಿ, ಮುಂಬೈಯಲ್ಲಿ ಮೊದಲ ಕಾಫಿ ಹೌಸ್ ತೆರೆದದ್ದು 1936ರಲ್ಲಿ. ಅಷ್ಟರಲ್ಲಿ 30 ವರ್ಷ ಮುಂದೆ ಹೋಗಿದ್ದ ಚಹಾವನ್ನು ಹಿಡಿಯೋದು ಆಗಲಿಲ್ಲ.

ಪಾಕೀಟಿನ ಮೇಲಿನ ಚಿಕೋರಿ

ಇವತ್ತು ನಮ್ಮ ಕಿರಾಣಿ ಅಂಗಡಿಯಲ್ಲಿ ಸಿಗುವ ಕಾಫಿ ಪುಡಿಯಲ್ಲಿ ಬಹಳಷ್ಟು ಚಿಕೋರಿ ಬೆರೆತದ್ದೇ. ಈ ಚಿಕೋರಿಯ ಕಥೆಯೂ ಅದೇ ಪ್ಯಾರಿಸಿಗೆ ಹೋಗಿ ಮುಟ್ಟುತ್ತದೆ. 1806ರಲ್ಲಿ ನೆಪೋಲಿಯನ್ ಇಂಗ್ಲಿಷ್ ವ್ಯಾಪಾರಕ್ಕೆ ಬಂದಿ ಹಾಕಿದಾಗ ಯುರೋಪಿನಲ್ಲಿ ಕಾಫಿ ತುಟ್ಟಿಯಾಯಿತು. ಆಗ ಫ್ರೆಂಚರು ಚಿಕೋರಿ ಬೇರನ್ನು ಹುರಿದು ಪುಡಿ ಮಾಡಿ ಕುಡಿಯೋದನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದರು. ಅದು ಕಾಫಿ ಅಲ್ಲ, ಅದರಲ್ಲಿ ಕೆಫೀನ್ ಇಲ್ಲ. ಬಣ್ಣ, ಕಹಿ, ದಪ್ಪ ಕೊಡುತ್ತದೆ, ಸೋವಿ ಬೀಳುತ್ತದೆ. ನಮ್ಮಲ್ಲಿ ಬೆಳೆಯೋದು ಹೆಚ್ಚಾಗಿ ಗುಜರಾತ್, ಉತ್ತರ ಪ್ರದೇಶದಲ್ಲಿ.

ಬೆರೆಸೋದು ಕಲಬೆರಕೆ ಅಲ್ಲ, ಬರೆಯದೇ ಬೆರೆಸಿದರೆ ತಪ್ಪು. ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ತೂಕದ ಲೆಕ್ಕದಲ್ಲಿ ಕನಿಷ್ಠ 51 ಭಾಗ ಕಾಫಿ ಇರಬೇಕು. ಎರಡರ ಶೇಕಡಾ ಪ್ರಮಾಣವೂ ಪಾಕೀಟಿನ ಮೇಲೆ ಅಚ್ಚಾಗಿರಬೇಕು. ಬಿಡಿಯಾಗಿ ತೂಗಿ ಕೊಡುವವರು ಗಿರಾಕಿ ಕೇಳಿದರೆ ಹೇಳುವಂತಿರಬೇಕು. ಮನೆಯಲ್ಲಿ ನೋಡಬೇಕು ಅಂದರೆ ಗಾಜಿನ ಲೋಟದ ತಣ್ಣೀರಿನ ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ. ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ. ಚಿಕೋರಿ ಬಣ್ಣದ ಗೆರೆ ಬಿಡುತ್ತಾ ತಳಕ್ಕೆ ಇಳಿಯುತ್ತದೆ.