ಒಳಗೆ ಬಿಡುವುದು ಬೇರೆ, ಕಲಿಸುವುದು ಬೇರೆ

ಬೆಂಗಳೂರಿನ ಹಳಬರು ಭಾರತೀಯ ವಿಜ್ಞಾನ ಸಂಸ್ಥೆಯನ್ನು ಇವತ್ತಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತಾರೆ. ಅದರ ಗೇಟಿನ ಮುಂದೆ ಹಾದುಹೋಗುವಾಗಲೆಲ್ಲ ನನಗೆ 1933ರ ಒಂದು ಅರ್ಜಿ ನೆನಪಾಗುತ್ತದೆ.

ಅರ್ಜಿ ಹಾಕಿದವರು ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು. ಬಾಂಬೆ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲಿಗರು. ತಂದೆ ಮತ್ತು ತಂದೆಯ ಸೋದರ ಇಬ್ಬರೂ ಇದೇ ಸಂಸ್ಥೆಯಲ್ಲಿ ಓದಿದ ರಸಾಯನ ವಿಜ್ಞಾನಿಗಳು. ಆದರೂ ನಿರ್ದೇಶಕ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಪ್ರವೇಶ ಕೊಡಲಿಲ್ಲ. ಹುಡುಗಿ ಜಗ್ಗಲಿಲ್ಲ, ಸತ್ಯಾಗ್ರಹಕ್ಕೆ ನಿಂತಳು. ಕೊನೆಗೆ ರಾಮನ್ ಒಪ್ಪಿದರು, ಷರತ್ತುಗಳ ಮೇಲೆ: ಮೊದಲ ವರ್ಷ ಪರೀಕ್ಷಾರ್ಥ, ಮಾರ್ಗದರ್ಶಕರು ಹೇಳಿದ ಹೊತ್ತಿನಲ್ಲಿ ಕೆಲಸ, ಗಂಡು ಸಂಶೋಧಕರ ಗಮನ ಕೆಡಿಸಬಾರದು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಇಲ್ಲಿಗೇ ಮುಗಿಸುತ್ತೇವೆ. ನಾನೂ ಬಹಳ ದಿನ ಹಾಗೆಯೇ ಹೇಳಿಕೊಂಡು ಬಂದೆ. ಬಾಗಿಲು ತೆರೆದ ಮೇಲೆ ಒಳಗೆ ಏನಾಯಿತು ಎಂಬುದೇ ಹೆಚ್ಚು ಮುಖ್ಯ ಅಂತ ಹೊಳೆದದ್ದು ಆಮೇಲೆ.

ಒಳಗೆ ಎಂ. ಶ್ರೀನಿವಾಸಯ್ಯ ಇದ್ದರು. ಬಲು ಕಟ್ಟುನಿಟ್ಟಿನ ಮೇಷ್ಟ್ರು. ಆದರೆ ಶಿಷ್ಯೆಯನ್ನು ಕರುಣೆಯಿಂದಲೂ ನೋಡಲಿಲ್ಲ, ಅನುಮಾನದಿಂದಲೂ ನೋಡಲಿಲ್ಲ. ದೊಡ್ಡ ಜೀವರಸಾಯನ ವಿಜ್ಞಾನಿಗಳ ಬರಹಗಳನ್ನು ಓದಿಸಿದರು, ಅವರಿಗೆ ಪತ್ರ ಬರೆಯಲು ಹುರಿದುಂಬಿಸಿದರು. ಹಾಲು ಮತ್ತು ಬೇಳೆಕಾಳುಗಳಲ್ಲಿನ ಪ್ರೋಟೀನು ಆಕೆಯ ವಿಷಯವಾಯಿತು. ಬಡವರ ಊಟದ ತಟ್ಟೆಯನ್ನು ಪ್ರಯೋಗಾಲಯದ ಮೇಜಿಗೆ ತಂದ ಕೆಲಸವದು. 1936ರಲ್ಲಿ ಎಂ.ಎಸ್ಸಿ. ಕೈಗೆ ಬಂತು. ಆ ಬಳಿಕ ಸಂಸ್ಥೆ ಬೇರೆ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡಿತು.

ಮುಂದೆ ಕೇಂಬ್ರಿಡ್ಜ್‌ನಲ್ಲಿ ಫ್ರೆಡರಿಕ್ ಹಾಪ್‌ಕಿನ್ಸ್ ಅವರ ವಿಭಾಗ. ವಿಟಮಿನ್ ಸಂಶೋಧನೆಗೆ ನೊಬೆಲ್ ಪಡೆದ ಹಾಪ್‌ಕಿನ್ಸ್, ಹೆಣ್ಣುಮಕ್ಕಳಿಗೆ ಜಾಗ ಕೊಡುವವರೆಂದು ಆ ಕಾಲಕ್ಕೇ ಹೆಸರಾಗಿದ್ದರು. ಅಲ್ಲಿ ಡೆರೆಕ್ ರಿಕ್ಟರ್ ಎಂಬುವರು ತಮ್ಮ ಮೇಜನ್ನೇ ಬಿಟ್ಟುಕೊಟ್ಟರಂತೆ. ಹಗಲು ಕಮಲಾ ಅದರ ಮೇಲೆ ಪ್ರಯೋಗ ಮಾಡಿದರೆ, ರಾತ್ರಿ ರಿಕ್ಟರ್ ಅದರ ಮೇಲೆಯೇ ಮಲಗುತ್ತಿದ್ದರಂತೆ. ಆಲೂಗಡ್ಡೆಯಂಥ ಸಸ್ಯಗಳಲ್ಲಿ ಸೈಟೋಕ್ರೋಮ್ ಸಿ ಇರುವುದನ್ನು ತೋರಿಸಿ, 1939ರಲ್ಲಿ ಅವರು ಪಿಎಚ್.ಡಿ. ಪಡೆದರು.

ಭಾರತಕ್ಕೆ ಮರಳಿ, ದೆಹಲಿಯಲ್ಲಿ ಪಾಠ ಹೇಳಿ, ಕೂನೂರಿನ ಪೋಷಣಾ ಪ್ರಯೋಗಾಲಯದಲ್ಲಿ ವಿಟಮಿನ್‌ಗಳ ಮೇಲೆ ದುಡಿದರು. 1947ರಲ್ಲಿ ಮದುವೆಯಾಗಿ ಬಾಂಬೆಗೆ ಬಂದ ಮೇಲೆ ಕುರ್ಚಿಯ ಆಚೆ ಬದಿಗೆ ಅವರೇ ಕೂತರು. ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ತಮ್ಮ ವಿದ್ಯಾರ್ಥಿಗಳ ಜೊತೆ ಬೇಳೆಕಾಳು, ನೀರಾ, ಭತ್ತದ ಹಿಟ್ಟುಗಳ ಸತ್ವವನ್ನು ಅಳೆದರು. ಮೂರೂ ಬಡವರ ಆಹಾರಗಳೇ. ಅಪೌಷ್ಟಿಕತೆಯಿಂದ ಬಳಲುವ ಬುಡಕಟ್ಟು ಮಕ್ಕಳಿಗೆ, ಬಸುರಿಯರಿಗೆ ನೀರಾ ಎಷ್ಟು ಉಪಕಾರಿ ಎಂದು ತೋರಿಸಿದ ಆ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಆದರೆ ಅದೇ ಸಂಸ್ಥೆಯ ನಿರ್ದೇಶಕಿಯಾಗಲು ಮಾತ್ರ ಅವರು ಬಹಳ ಕಾಲ ಕಾಯಬೇಕಾಯಿತು.

ಷರತ್ತು ಹಾಕಿ ಒಳಗೆ ಬಿಟ್ಟವರ ಹೆಸರು ನಮಗೆಲ್ಲ ಗೊತ್ತು. ಕೂರಿಸಿಕೊಂಡು ಕಲಿಸಿದ ಶ್ರೀನಿವಾಸಯ್ಯನವರ ಹೆಸರು ಎಷ್ಟು ಜನಕ್ಕೆ ಗೊತ್ತು? ಇವತ್ತು ಆರೋಗ್ಯ ಸಂಶೋಧನೆಗೆ ಬರುವ ಹುಡುಗಿಯರನ್ನು ಯಾವ ಗೇಟೂ ತಡೆಯುವುದಿಲ್ಲ. ಅವರು ಹುಡುಕುವುದು ಓದಿಸುವ, ತಿದ್ದುವ, ಸಮಯ ಬಂದಾಗ ತನ್ನ ಮೇಜನ್ನೇ ಬಿಟ್ಟುಕೊಡುವ ಅಂಥ ಒಬ್ಬ ಗುರುವನ್ನು.