ಕರಾಚಿಯಿಂದ ಮುಂಬೈ ಎಷ್ಟು ದೂರ?

ಆಕಾಶಮಾರ್ಗದಲ್ಲಿ ಅಳೆದರೆ ಕರಾಚಿಗೂ ಮುಂಬೈಗೂ ನಡುವೆ 900 ಕಿಲೋಮೀಟರ್ ಕೂಡ ಇಲ್ಲ. ಬೆಂಗಳೂರಿನಿಂದ ಮುಂಬೈಗೆ ಇರುವ ದೂರಕ್ಕಿಂತ ತುಸು ಹೆಚ್ಚು, ಅಷ್ಟೇ. ಜೆಟ್ ವಿಮಾನಕ್ಕೆ ಒಂದೂವರೆ ಗಂಟೆಯ ದಾರಿ. ಆದರೆ ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಈ ಲೆಕ್ಕ ಅಷ್ಟು ಸರಳವಾಗಿ ಕಾಣುವುದಿಲ್ಲ.

1932ರ ಅಕ್ಟೋಬರ್ 15ರಂದು ಬೆಳಗಿನ ಆರೂವರೆಗೆ, 28 ವರ್ಷದ ಜೆ.ಆರ್.ಡಿ. ಟಾಟಾ ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ ಒಂದೇ ಎಂಜಿನ್ನಿನ 'ಪುಸ್ ಮಾತ್' ವಿಮಾನದಲ್ಲಿ ಹೊರಟರು. ಜೊತೆಗಿದ್ದದ್ದು ಅಂಚೆಯ ಚೀಲ. ಅಹಮದಾಬಾದಿನಲ್ಲಿ ಇಳಿದು ಇಂಧನ ತುಂಬಿಸಿಕೊಂಡು, ಮಧ್ಯಾಹ್ನ 1.50ಕ್ಕೆ ಮುಂಬೈನ ಜುಹು ತಲುಪಿದರು. ಒಟ್ಟು ಏಳು ಗಂಟೆ ಇಪ್ಪತ್ತು ನಿಮಿಷ. ರೇಡಿಯೋ ಇರಲಿಲ್ಲ, ನೆಲ ನೋಡಿಕೊಂಡೇ ದಾರಿ ಹಿಡಿಯಬೇಕಿತ್ತು. ಜುಹುವಿನ ಬಯಲು ಮಳೆಗಾಲದಲ್ಲಿ ನೀರು ನಿಂತು ಇಳಿಯಲಾಗದಂತಾಗುತ್ತಿತ್ತು.

ಕರಾಚಿಯೇ ಏಕೆ? 1929ರಿಂದ ಇಂಪೀರಿಯಲ್ ಏರ್‌ವೇಸ್ ಲಂಡನ್ನಿನ ಅಂಚೆಯನ್ನು ಅಲ್ಲಿಗೆ ತರುತ್ತಿತ್ತು. ಮುಂದಿನ ದಾರಿಯನ್ನು ಟಾಟಾ ವಿಮಾನ ಪೂರೈಸಿತು. ಜುಹುವಿನಿಂದ ಅಂಚೆಯನ್ನು ಹೊತ್ತ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯಲ್ಲಿ ರಾತ್ರಿ ತಂಗಿ, ಮರುದಿನ ಮದರಾಸು ಸೇರಿದರು. ಭಾರತದ ನಾಗರಿಕ ವಿಮಾನಯಾನದ ಮೊದಲ ಪುಟಗಳಲ್ಲೇ ಬಳ್ಳಾರಿಯ ಹೆಸರಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸಿಂಧ್ ಪ್ರತ್ಯೇಕ ಪ್ರಾಂತ್ಯವಾದದ್ದು 1936ರಲ್ಲಿ. ಅಂದರೆ ಟಾಟಾ ಹಾರಿದ ದಿನ ಕರಾಚಿ ಮುಂಬೈ ಪ್ರಾಂತ್ಯದ್ದೇ ಊರು. ಧಾರವಾಡ, ಬಿಜಾಪುರಗಳೂ ಅದೇ ಪ್ರಾಂತ್ಯದವು. ಇಂದು ಅಂತರರಾಷ್ಟ್ರೀಯ ಎನ್ನಿಸುವ ಆ ಪಯಣ ಆಗ ಜಿಲ್ಲೆಯಿಂದ ರಾಜಧಾನಿಗೆ ಹೋದಂತೆ. 1947ರಲ್ಲಿ ಆ ದಾರಿಗೆ ಗಡಿ ಅಡ್ಡ ಬಂತು. ಆದರೂ ದಾರಿ ಒಮ್ಮೆಗೇ ಮುಚ್ಚಲಿಲ್ಲ. ಮೂರು ಯುದ್ಧಗಳು ಮುಗಿದ ಮೇಲೂ, 1982ರ ಅಕ್ಟೋಬರ್ 15ರಂದು, 78ರ ವಯಸ್ಸಿನ ಜೆ.ಆರ್.ಡಿ. 'ಲೆಪರ್ಡ್ ಮಾತ್' ವಿಮಾನವನ್ನು ಕರಾಚಿಯಿಂದ ಮುಂಬೈಗೆ ಹಾರಿಸಿ ಐವತ್ತು ವರ್ಷದ ನೆನಪನ್ನು ಆಚರಿಸಿದರು.

ಈಗ ಆ ದಾರಿಯಲ್ಲಿ ನೇರ ವಿಮಾನವಿಲ್ಲ. 2019ರಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಹಲವು ತಿಂಗಳು ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ಆಕಾಶ ನಿರಾಕರಿಸಿದವು. ದೆಹಲಿಯಿಂದ ಯುರೋಪಿಗೆ ಹೋಗುವ ನಮ್ಮ ವಿಮಾನಗಳೂ ಸುತ್ತುಬಳಸಿ ಹಾರಬೇಕಾಯಿತು. ಕರಾಚಿಯ ಒಬ್ಬರು ಮುಂಬೈನ ಬಂಧುಗಳನ್ನು ನೋಡಬೇಕೆಂದರೆ, ವೀಸಾ ಸಿಕ್ಕರೂ, ದುಬೈ ಮೂಲಕ ಬರಬೇಕು. ಮೊದಲು ಸುಮಾರು 1,200 ಕಿಲೋಮೀಟರ್ ಪಶ್ಚಿಮಕ್ಕೆ, ಆಮೇಲೆ 1,900ಕ್ಕೂ ಹೆಚ್ಚು ಪೂರ್ವಕ್ಕೆ. ಮೂರು ಪಟ್ಟಿಗೂ ಮಿಕ್ಕಿದ ದೂರ. ನಿಲ್ದಾಣದಲ್ಲಿ ಕಾಯುವ ಹೊತ್ತನ್ನೂ ಸೇರಿಸಿದರೆ, ಟಾಟಾ ಅವರ ಪುಟ್ಟ ವಿಮಾನವೇ ಬೇಗ ತಲುಪುತ್ತಿತ್ತು.

ತಂತ್ರಜ್ಞಾನ ದೂರವನ್ನು ಕುಗ್ಗಿಸಿತು ಎಂದು ನಾವು ಪಾಠದಲ್ಲಿ ಓದುತ್ತೇವೆ, ನಾಳೆ ತರಗತಿಯಲ್ಲಿ ಹೇಳುತ್ತೇವೆ ಕೂಡ. ಅದು ಸುಳ್ಳಲ್ಲ. ಆದರೆ ಎಂಜಿನ್ ಗಳಿಸಿಕೊಟ್ಟ ಗಂಟೆಗಳನ್ನು ರಾಜಕಾರಣ ಮರಳಿ ಕಿತ್ತುಕೊಳ್ಳಬಲ್ಲದು ಎಂಬುದನ್ನೂ ಆ ಪಾಠಕ್ಕೆ ಸೇರಿಸಬೇಕು. 1932ರಲ್ಲಿ ಲಂಡನ್ನಿನಿಂದ ಹೊರಟ ಪತ್ರವೊಂದು ಕರಾಚಿ, ಮುಂಬೈ ದಾಟಿ ಬಳ್ಳಾರಿಗೆ ಬಂದ ಆಕಾಶ ಇಂದಿಗೂ ಅಲ್ಲೇ ಇದೆ. ಅದರಲ್ಲಿ ಹಾರುವ ಅನುಮತಿ ಮಾತ್ರ ಇಲ್ಲ.